ಚೀನಾದ ಹುಡುಗರು ಮಿಲಿಟರಿ ಕೋಟು ಹಾಕಿಕೊಂಡದ್ದು ಯಾಕೆ?

ಪ್ರಶ್ನೆ: ನನ್ನದು ಹುಬ್ಬಳ್ಳಿಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಚೀನಾದ ಯುವಕರ ಬಗ್ಗೆ ದಿನಕ್ಕೊಂದು ಸುದ್ದಿ ಬರುತ್ತದೆ. ಒಂದು ಕಡೆ ಲಬುಬು ಗೊಂಬೆಗೆ ದುಡ್ಡು ಸುರಿಯುತ್ತಾರೆ ಅಂತಾರೆ. ಇನ್ನೊಂದು ಕಡೆ ಹಳೇ ಸಾಮಾನು, ಉಳಿದ ಊಟ ಕೊಳ್ಳುತ್ತಾರೆ, ಹೊಸ ಬಟ್ಟೆ ಬೇಡ ಅಂತಾರೆ, ಪರಿಸರದ ಕಾಳಜಿ ಜಾಸ್ತಿ ಆಗಿದೆ ಅಂತಾರೆ. ಯಾವುದು ನಿಜ? ಅಲ್ಲಿನ ಗಾಳಿ ಇಲ್ಲಿಗೂ ಬೀಸುತ್ತದೆಯೇ?

ಉತ್ತರ: ಎರಡೂ ನಿಜ. ಎರಡನ್ನೂ ಮಾಡುವವರು ಒಬ್ಬರೇ. ಮಧ್ಯಾಹ್ನದ ಊಟದಲ್ಲಿ ಹತ್ತು ಯುವಾನ್ ಉಳಿಸಲು ಮೂರು ಆ್ಯಪ್ ತಡಕಾಡುವ ಹುಡುಗಿಯೇ ಸಂಜೆ ಗೊಂಬೆಗೆ ಎಂಬತ್ತು ಯುವಾನ್ ಕೊಟ್ಟು ಬರುತ್ತಾಳೆ. ಯುವಾನ್ ಅಂದರೆ ನಮ್ಮ ಸುಮಾರು ಹನ್ನೆರಡು ರೂಪಾಯಿ, ಕೆಳಗೆಲ್ಲ ಇದೇ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದಿರುವುದು ಪರಿಸರದ ಕಾಳಜಿ ಅನ್ನುವ ಮಾತನ್ನು. ಅಲ್ಲಿ ಮೊದಲು ಬದಲಾದದ್ದು ಜೇಬು. ಜೇಬು ಸಣ್ಣದಾದಾಗ ಅಭ್ಯಾಸ ಬದಲಾಯಿತು. ಆ ಅಭ್ಯಾಸಕ್ಕೆ ಫೋನಿನಲ್ಲಿ ಲೈಕು ಬಿದ್ದಾಗ ಅದೇ ಫ್ಯಾಷನ್ ಆಯಿತು. ಇದರಿಂದ ಕೆಲವು ಕಡೆ ಪರಿಸರಕ್ಕೆ ಲಾಭ ಆಗಿದೆ. ಎಷ್ಟೋ ಕಡೆ ನಷ್ಟವೂ ಆಗಿದೆ.

ಜೇಬಿನ ಲೆಕ್ಕ ಮೊದಲು ನೋಡೋಣ. 2023ರ ಜೂನ್‌ನಲ್ಲಿ ಚೀನಾದ ನಗರಗಳಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ 21.3ಕ್ಕೆ ಏರಿತು. ಮುಂದಿನ ತಿಂಗಳ ಅಂಕಿ ಬರಬೇಕಾದ ಹೊತ್ತಿಗೆ ಸರ್ಕಾರ ಪ್ರಕಟಣೆಯನ್ನೇ ನಿಲ್ಲಿಸಿತು. 2024ರ ಜನವರಿಯಲ್ಲಿ ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟು ಮತ್ತೆ ಶುರು ಮಾಡಿತು. ಹಾಗೆ ಬಿಟ್ಟರೂ ಆ ವರ್ಷದ ಆಗಸ್ಟ್‌ನಲ್ಲಿ ಶೇ 18.8 ಬಂತು. ಇತ್ತ ಕಾಲೇಜು ಮುಗಿಸಿ ಬರುವವರ ಸಂಖ್ಯೆ ಏರುತ್ತಲೇ ಇದೆ, 2025ರಲ್ಲಿ 1.22 ಕೋಟಿ. ಇದರ ಮೇಲೆ ಮನೆಯ ಕಥೆ. ಒಂದೇ ಮಗುವಿನ ಕಾಲದ ಅಪ್ಪ ಅಮ್ಮ ಉಳಿತಾಯವನ್ನೆಲ್ಲ ಫ್ಲಾಟಿಗೆ ಹಾಕಿದ್ದರು. 2021ರಿಂದ ಈಚೆಗೆ ಆ ಫ್ಲಾಟುಗಳ ಬೆಲೆ ಇಳಿಯುತ್ತಿದೆ. ಅಪ್ಪ ಗಾಬರಿಯಾದರೆ ಮಗನ ಖರ್ಚಿಗೂ ಕತ್ತರಿ ಬೀಳುತ್ತದೆ, ಅಲ್ವಾ?

2023ರ ಚಳಿಗಾಲದಲ್ಲಿ ಇದು ಬೀದಿಯಲ್ಲೇ ಕಾಣಿಸಿತು. ಉತ್ತರ ಚೀನಾದಲ್ಲಿ ಚಳಿ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಎಲ್ಲರೂ ಬಾತುಕೋಳಿ ಪುಕ್ಕ ತುಂಬಿದ ಜಾಕೆಟ್ ಹಾಕುತ್ತಾರೆ. ಆ ವರ್ಷ ಚೀನಾದ್ದೇ ಒಂದು ಬ್ರ್ಯಾಂಡಿನ ಜಾಕೆಟ್‌ಗೆ 7000 ಯುವಾನ್ ಎಂಬ ಸುದ್ದಿ ಫೋನಿಂದ ಫೋನಿಗೆ ಹರಿದಾಡಿತು. ಕಾಲೇಜು ಹುಡುಗರು ಏನು ಮಾಡಿದರು ಗೊತ್ತಾ? ತಾತನ ಕಾಲದ ಹಸಿರು ಮಿಲಿಟರಿ ಕೋಟು ಕೊಂಡರು. ಹತ್ತಿ ತುಂಬಿದ, ಮಂಡಿ ತನಕ ಬರುವ, ಕಾವಲುಗಾರರು ಹಾಕಿಕೊಳ್ಳುವಂಥ ಕೋಟು. ಬೆಲೆ ನೂರು ಯುವಾನ್ ಆಸುಪಾಸು. ಈಶಾನ್ಯ ಚೀನಾದ ಹಳ್ಳಿ ಅಜ್ಜಿಯರು ಹಾಕುವ ಕೆಂಪು ಹೂವಿನ ದಪ್ಪ ರವಿಕೆಯಂಥ ಕೋಟೂ ಜೊತೆಗೆ ಬಂತು. ಹಾಸ್ಟೆಲಿಗೆ ಹಾಸ್ಟೆಲೇ ಅದನ್ನು ಹಾಕಿಕೊಂಡು ವಿಡಿಯೊ ಮಾಡಿತು. ಆ ಕೋಟು ತೊಟ್ಟ ಹುಡುಗನಿಗೆ ಅದು ಹಳೆಯದನ್ನು ಮತ್ತೆ ಬಳಸುವ ಹಸಿರು ವಿಚಾರ ಅಂತ ಅನಿಸಿರಲಾರದು. ಬೆಚ್ಚಗಿದೆ, ಅಗ್ಗವಾಗಿದೆ, ಮೇಲೆ ನಗಲಿಕ್ಕೂ ಆಗುತ್ತದೆ. ಅಷ್ಟೇ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಲಿ ಜಿಯಾಚಿ ಅಂತ ಒಬ್ಬ ಲೈವ್ ಮಾರಾಟಗಾರ ಇದ್ದಾನೆ. ಲಿಪ್‌ಸ್ಟಿಕ್ ರಾಜ ಎಂದೇ ಹೆಸರು. ಅವನು ಕ್ಯಾಮೆರಾ ಮುಂದೆ ಕೂತರೆ ಒಂದು ರಾತ್ರಿಯಲ್ಲಿ ಗೋದಾಮುಗಳು ಖಾಲಿಯಾಗುತ್ತಿದ್ದವು. ಅವತ್ತು ಹುಬ್ಬು ತೀಡುವ ಪೆನ್ಸಿಲ್ ಮಾರುತ್ತಿದ್ದ, ಬೆಲೆ 79 ಯುವಾನ್. ದುಬಾರಿಯಾಯಿತು ಎಂದು ಯಾರೋ ಕಾಮೆಂಟ್ ಹಾಕಿದರು. ಅವನು ರೇಗಿದ. ಇಷ್ಟು ವರ್ಷ ಸಂಬಳ ಏರಿದೆಯಾ, ಸರಿಯಾಗಿ ಕೆಲಸ ಮಾಡಿದ್ದೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ ಎಂಬ ಅರ್ಥದ ಮಾತಾಡಿದ. ದೇಶವಿಡೀ ಉರಿದುಬಿತ್ತು. ಅವನು ಅತ್ತು ಕ್ಷಮೆ ಕೇಳಿದ. ಆಮೇಲೆ ಕೆಲವು ದಿನ 79 ಯುವಾನ್ ಎನ್ನುವುದೇ ಒಂದು ಅಳತೆಯಾಯಿತು. ಆ ದುಡ್ಡಿಗೆ ಎಷ್ಟು ಕೆಜಿ ಅಕ್ಕಿ ಬರುತ್ತದೆ, ಎಷ್ಟು ದಿನ ಊಟ ಆಗುತ್ತದೆ ಎಂದು ಜನ ಲೆಕ್ಕ ಹಾಕತೊಡಗಿದರು. ಹಳೆಯ ಸ್ವದೇಶಿ ಕಂಪನಿಗಳು ಸಿಕ್ಕಿದ್ದೇ ಚಾನ್ಸು ಅಂತ 79 ಯುವಾನಿಗೆ ಶಾಂಪೂ, ಸೋಪು ಎಲ್ಲ ಸೇರಿಸಿ ಕಟ್ಟು ಕಟ್ಟಿ ಮಾರಿದವು. ವ್ಯಾಪಾರ ಅಂದರೆ ಅದು ನೋಡಿ.

ಮುಂಚೆ ದುಬಾರಿ ಬ್ರ್ಯಾಂಡು ತೊಟ್ಟರೆ ಮರ್ಯಾದೆ. ಈಗ ಅದೇ ಮಾಲನ್ನು ಕಡಿಮೆಗೆ ಹುಡುಕಿದವನಿಗೆ ಮರ್ಯಾದೆ. ಇಂಥ ಅಗ್ಗದ ಬದಲಿಗೆ ಅಲ್ಲಿ ‘ಪಿಂಗ್‌ತಿ’ ಎನ್ನುತ್ತಾರೆ. ನಕಲಿ ಲೇಬಲ್ ಹಚ್ಚಿದ ಮಾಲು ಇದಲ್ಲ, ಲೇಬಲ್ಲೇ ಇಲ್ಲದ ಮಾಲು. ವಿದೇಶಿ ಬ್ರ್ಯಾಂಡಿನ ಯೋಗಾ ಪ್ಯಾಂಟು ಯಾವ ಕಾರ್ಖಾನೆಯಲ್ಲಿ ಹೊಲಿಯುತ್ತಾರೆ ಅಂತ ಪತ್ತೆ ಮಾಡಿ, ಆನ್‌ಲೈನ್ ವ್ಯಾಪಾರದ ದೈತ್ಯ ಕಂಪನಿ ಅಲಿಬಾಬಾದ ಹೋಲ್‌ಸೇಲ್ ತಾಣ ‘1688’ರಲ್ಲಿ ಅದೇ ಬಟ್ಟೆಯದ್ದನ್ನು ತರಿಸಿಕೊಂಡು, ಆ ಕೊಂಡಿಯನ್ನು ಶಿಯಾವ್‌ಹಾಂಗ್‌ಶೂ ಆ್ಯಪಿನಲ್ಲಿ ಹಂಚುತ್ತಾರೆ. ನಿಮ್ಮಂಥ ಅಂಗಡಿಯವರು ಕೊಳ್ಳುವ ಜಾಗಕ್ಕೆ ಗಿರಾಕಿಯೇ ನುಗ್ಗಿದ ಹಾಗೆ. ಪ್ರಪಂಚದ ಬಟ್ಟೆಯ ದೊಡ್ಡ ಪಾಲು ತಮ್ಮ ಊರಲ್ಲೇ ತಯಾರಾಗುತ್ತಿದ್ದರೆ ಇದು ಸುಲಭ. ಬೇರೆ ದೇಶದವರಿಗೆ ಇಷ್ಟು ಸಲೀಸಲ್ಲ. ಪರಿಣಾಮ ದೊಡ್ಡದು. ಬೇನ್ ಎಂಬ ಸಲಹಾ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಚೀನಾದ ಐಷಾರಾಮಿ ಸರಕಿನ ಮಾರುಕಟ್ಟೆ ಶೇ 18ರಿಂದ 20ರಷ್ಟು ಕುಸಿಯಿತು. ಅಲ್ಲಿನ ದೊಡ್ಡ ಆನ್‌ಲೈನ್ ಜಾತ್ರೆ ನವೆಂಬರ್ 11ರದ್ದು, 2009ರಲ್ಲಿ ಅಲಿಬಾಬಾ ಶುರು ಮಾಡಿದ್ದು. 2021ರಲ್ಲಿ 54,030 ಕೋಟಿ ಯುವಾನ್ ವಹಿವಾಟು ಆಯಿತು ಎಂದು ಡಂಗುರ ಸಾರಿದ ಕಂಪನಿ, 2022ರಿಂದ ಮೊತ್ತ ಹೇಳುವುದನ್ನೇ ಬಿಟ್ಟಿತು. ಹೆಮ್ಮೆಪಡುವ ಅಂಕಿಯನ್ನು ಯಾರೂ ಮುಚ್ಚಿಡುವುದಿಲ್ಲ.

ಬಟ್ಟೆ ವ್ಯಾಪಾರಿಯಾಗಿ ನೀವು ಗಮನಿಸಬೇಕಾದದ್ದು ಸ್ವದೇಶಿ ಅಲೆ. ಜಿಮ್ನಾಸ್ಟ್ ಲಿ ನಿಂಗ್ ನೆನಪಿರಬಹುದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದವರು, 2008ರಲ್ಲಿ ಬೀಜಿಂಗ್ ಕ್ರೀಡಾಂಗಣದ ಮೇಲೆ ಗಾಳಿಯಲ್ಲಿ ಓಡಿ ಜ್ಯೋತಿ ಹಚ್ಚಿದವರು. ಅವರು 1990ರಲ್ಲಿ ತಮ್ಮದೇ ಹೆಸರಿನ ಕ್ರೀಡಾ ಬಟ್ಟೆ ಕಂಪನಿ ಕಟ್ಟಿದರು. ಬಹಳ ವರ್ಷ ಅದು ಅಗ್ಗದ ಎರಡನೇ ದರ್ಜೆ ಮಾಲು ಅಂತಲೇ ಹೆಸರಾಗಿತ್ತು. 2018ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಫ್ಯಾಷನ್ ವೀಕ್‌ನಲ್ಲಿ ಎದೆಯ ಮೇಲೆ ದೊಡ್ಡ ಚೀನೀ ಅಕ್ಷರಗಳಲ್ಲಿ ‘ಚೀನಾ ಲಿ ನಿಂಗ್’ ಅಂತ ಬರೆದ ಬಟ್ಟೆ ತೋರಿಸಿದರು. ಹುಡುಗರು ಮುಗಿಬಿದ್ದರು. ಅಲ್ಲಿಂದ ಎಲ್ಲ ಕಂಪನಿಗಳೂ ಡ್ರ್ಯಾಗನ್, ಮೋಡ, ಹಳೇ ಅಕ್ಷರ ಅಚ್ಚು ಹಾಕತೊಡಗಿದವು.

ಇದರಲ್ಲಿ ರಾಜಕೀಯವೂ ಇದೆ. ಹತ್ತಿ ಬೆಳೆಯುವ ಶಿಂಜಿಯಾಂಗ್ ಸೀಮೆಯಲ್ಲಿ ಉಯ್ಗುರ್ ಮುಸ್ಲಿಮರಿಂದ ಬಲವಂತವಾಗಿ ದುಡಿಸುತ್ತಾರೆ ಎಂಬ ಆರೋಪ ಬಂದಾಗ ಸ್ವೀಡನ್ನಿನ ಬಟ್ಟೆ ಕಂಪನಿ ಎಚ್ ಅಂಡ್ ಎಂ ಕಳವಳ ಹೇಳಿಕೊಂಡಿತ್ತು. ಆ ಹಳೆಯ ಹೇಳಿಕೆಯನ್ನು 2021ರ ಮಾರ್ಚ್‌ನಲ್ಲಿ ಆಳುವ ಪಕ್ಷದ ಯುವ ಘಟಕವಾದ ಕಮ್ಯುನಿಸ್ಟ್ ಯುವ ಲೀಗ್ ಎತ್ತಿ ತೋರಿಸಿತು. ರಾತ್ರಿ ಬೆಳಗಾಗುವುದರೊಳಗೆ ಎಚ್ ಅಂಡ್ ಎಂ ಮಾಲು ಆನ್‌ಲೈನ್ ಅಂಗಡಿಗಳಿಂದ ಮಾಯವಾಯಿತು, ಮ್ಯಾಪಿನಲ್ಲಿ ಅದರ ಅಂಗಡಿಗಳ ಹೆಸರೂ ಸಿಗದಂತಾಯಿತು. ಅದೇ ವರ್ಷದ ಜುಲೈನಲ್ಲಿ ಹೆನಾನ್ ಪ್ರಾಂತ್ಯದಲ್ಲಿ ಭಾರಿ ಪ್ರವಾಹ ಬಂತು. ಆರ್ಕೆ ಅಂತ ಒಂದು ಬಡಕಲು ಶೂ ಕಂಪನಿ, ತಾನೇ ನಷ್ಟದಲ್ಲಿದ್ದರೂ, 5 ಕೋಟಿ ಯುವಾನ್ ನೆರವು ಘೋಷಿಸಿತು. ಹುಡುಗರು ಅದರ ಲೈವ್‌ಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಕೊಂಡರು. ಯೋಚನೆ ಮಾಡಿ ಕೊಳ್ಳಿ ಅಂತ ಮಾರುವವರೇ ಬೇಡಿಕೊಂಡರು. ಬೇಡದಿದ್ದರೂ ಶೂ ಕೊಳ್ಳುವುದು ದೇಶಸೇವೆ ಆದರೆ ಪರಿಸರದ ಮಾತು ಎಲ್ಲಿಂದ ಬರಬೇಕು?

ಸ್ವದೇಶಿ ಅಲೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಹಾನ್‌ಫು. ಹಳೆಯ ರಾಜವಂಶಗಳ ಕಾಲದ ಉಡುಪು, ಅಗಲ ತೋಳು, ಉದ್ದ ನೆರಿಗೆ. 2003ರಲ್ಲಿ ಝೆಂಗ್‌ಝೌ ನಗರದ ಒಬ್ಬ ವಿದ್ಯುತ್ ಕಾರ್ಮಿಕ ಅದನ್ನು ತೊಟ್ಟು ಬೀದಿಯಲ್ಲಿ ನಡೆದಾಗ ಅದು ಪತ್ರಿಕೆಯಲ್ಲಿ ಸುದ್ದಿಯಾಯಿತು. ಆಗೆಲ್ಲ ಹಾನ್‌ಫು ಕಂಡರೆ ಜಪಾನಿನ ಕಿಮೋನೋ ಎಂದುಕೊಳ್ಳುವವರೇ ಜಾಸ್ತಿ. ಈಗ ಶಿಯಾನ್ ಅಥವಾ ಲುವೊಯಾಂಗ್ ನಗರಕ್ಕೆ ಹೋದರೆ ಬಾಡಿಗೆಗೆ ಹಾನ್‌ಫು ಕೊಟ್ಟು, ಮೇಕಪ್ ಮಾಡಿ, ಫೋಟೋ ತೆಗೆದು ಕಳಿಸುವ ಅಂಗಡಿಗಳು ಸಾಲುಸಾಲಾಗಿವೆ. ಇದರ ದಿನನಿತ್ಯದ ರೂಪ ‘ಮಾಮಿಯನ್’ ಲಂಗ. ಮುಂದೆ ಹಿಂದೆ ಚಪ್ಪಟೆ, ಎರಡೂ ಪಕ್ಕ ನೆರಿಗೆ. 2022ರಲ್ಲಿ ಫ್ರಾನ್ಸಿನ ಐಷಾರಾಮಿ ಫ್ಯಾಷನ್ ಕಂಪನಿ ಡಿಯೋರ್ ಅಂಥದ್ದೇ ಲಂಗವನ್ನು 29,000 ಯುವಾನಿಗೆ ಮಾರಿತು, ಮೂಲ ಹೇಳಲಿಲ್ಲ. ಪ್ಯಾರಿಸ್‌ನಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳು ಅಂಗಡಿ ಮುಂದೆಯೇ ಪ್ರತಿಭಟನೆ ಮಾಡಿದರು. ಆ ಗಲಾಟೆಯೇ ಲಂಗಕ್ಕೆ ದೊಡ್ಡ ಜಾಹೀರಾತಾಯಿತು. ಎರಡು ವರ್ಷದಲ್ಲಿ ಆಫೀಸಿಗೆ ಶರ್ಟಿನ ಜೊತೆ ಮಾಮಿಯನ್ ತೊಡುವುದು ಮಾಮೂಲಾಯಿತು.

ಇದನ್ನೆಲ್ಲ ಹೊಲಿಯುವವರು ಯಾರು? ಶಾಂಡಾಂಗ್ ಪ್ರಾಂತ್ಯದ ಚಾವ್ ಕೌಂಟಿ ಎಂಬ ಬಡ ಸೀಮೆ. ಅಲ್ಲಿನ ಹಳ್ಳಿಗಳು ಮೊದಲು ಫೋಟೋ ಸ್ಟುಡಿಯೋಗೆ, ಶಾಲೆ ಮಕ್ಕಳ ನೃತ್ಯಕ್ಕೆ ಬೇಕಾದ ಬಟ್ಟೆ ಹೊಲಿಯುತ್ತಿದ್ದವು. (ಅದೇ ಸೀಮೆಯಿಂದ ಜಪಾನಿಗೆ ಹಗುರ ಮರದ ಶವಪೆಟ್ಟಿಗೆಯೂ ಹೋಗುತ್ತದೆ. ಸುಮ್ನೆ ಹೇಳಿದೆ.) ಕೋವಿಡ್ ಬಂದು ಶಾಲೆ ಕಾರ್ಯಕ್ರಮಗಳು ನಿಂತಾಗ ಇನ್ನಷ್ಟು ಮನೆಗಳು ಹಾನ್‌ಫು ಕಡೆ ಹೊರಳಿದವು. ಹೊರಗೆ ದುಡಿಯಲು ಹೋಗಿದ್ದ ಮಕ್ಕಳು ವಾಪಸ್ ಬಂದು ಲೈವ್ ಶುರು ಮಾಡಿದರು. 2024ರ ಚೀನೀ ಹೊಸ ವರ್ಷಕ್ಕೆ ಮುಂಚೆ ಆ ಒಂದು ಕೌಂಟಿಯಿಂದಲೇ ಮಾಮಿಯನ್ ಮಾರಾಟ 30 ಕೋಟಿ ಯುವಾನ್ ದಾಟಿತು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಒಂದು ಲಂಗ ಒಂದೆರಡು ನೂರು ಯುವಾನಿಗೂ ಸಿಗುತ್ತದೆ. ಆ ಬೆಲೆಗೆ ರೇಷ್ಮೆ ಬರುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಹುಪಾಲು ಪಾಲಿಯೆಸ್ಟರ್. ನೋಡಲು ಮಿಂಗ್ ರಾಜರ ಕಾಲದ್ದು, ನೂಲು ಪೆಟ್ರೋಲಿಯಂದು.

ಈಗ ರಿಟರ್ನ್ ವಿಷಯ. ಪರಿಸರದ ಕಾಳಜಿ ಎಷ್ಟಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಚೀನಾದಲ್ಲಿ 2014ರ ಮಾರ್ಚ್‌ನಿಂದ ಒಂದು ಕಾನೂನಿದೆ: ಆನ್‌ಲೈನಿನಲ್ಲಿ ಕೊಂಡ ಮಾಲನ್ನು ಏಳು ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಅದರ ಮೇಲೆ ಕೊರಿಯರ್ ಖರ್ಚಿಗೆ ವಿಮೆ. ಪುಡಿಗಾಸಿನ ಕಂತು, ಬಹಳ ಸಲ ಅಂಗಡಿಯವನೇ ಕಟ್ಟುತ್ತಾನೆ. ಗಿರಾಕಿಗೆ ವಾಪಸ್ ಕಳಿಸಲು ಒಂದು ಪೈಸೆ ಖರ್ಚಿಲ್ಲ. ಹಾಗಾದರೆ ಏನಾಗುತ್ತದೆ? ಮೂರು ಸೈಜು, ನಾಲ್ಕು ಬಣ್ಣ ತರಿಸಿ ಒಂದನ್ನು ಇಟ್ಟುಕೊಳ್ಳುವುದು. ಮದುವೆಗೆ ತೊಟ್ಟು, ಪ್ರವಾಸದಲ್ಲಿ ಫೋಟೋ ತೆಗೆಸಿ, ವಾಪಸ್ ಕಳಿಸುವುದು. ಹೆಣ್ಣುಮಕ್ಕಳ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುವುದು ಈಗ ಮಾಮೂಲು. ಕೆಲವು ಲೈವ್ ಅಂಗಡಿಗಳಲ್ಲಿ ನೂರಕ್ಕೆ ಎಂಬತ್ತು ವಾಪಸ್ ಬಂದ ವರದಿಗಳಿವೆ.

ಅಂಗಡಿಯವರು ಸುಮ್ಮನೆ ಕೂರಲಿಲ್ಲ. ಬಟ್ಟೆಯ ಬೆಲೆಚೀಟಿಯನ್ನು ಎ4 ಹಾಳೆಯಷ್ಟು ದೊಡ್ಡದು ಮಾಡಿದರು. ಗಟ್ಟಿ ರಟ್ಟು, ಎದೆಯ ಮೇಲೆಯೇ ಕಾಣುವಂತೆ ಕಟ್ಟಿರುತ್ತದೆ. ಕಿತ್ತರೆ ವಾಪಸ್ ಇಲ್ಲ. ಅದನ್ನು ಒಳಗೆ ಮಡಚಿ ಮದುವೆಗೆ ಹೋಗಲು ಆಗುವುದಿಲ್ಲ. ಕೆಲವರು ಚೀಟಿಗೆ ನಂಬರ್ ಬೀಗವನ್ನೇ ಹಾಕಿದರು. ಬಟ್ಟೆ ಇಟ್ಟುಕೊಳ್ಳುತ್ತೇನೆ ಎಂದು ಖಾತ್ರಿ ಮಾಡಿದ ಮೇಲೆ ನಂಬರ್ ಕಳಿಸುತ್ತಾರೆ. ಹಾಗಿದ್ದೂ ಎಷ್ಟೋ ಬ್ರ್ಯಾಂಡುಗಳು ಬಾಗಿಲು ಹಾಕಿದವು. ಒಂದು ಫ್ರಾಕು ಗುವಾಂಗ್‌ಝೌನಿಂದ ಹಾರ್ಬಿನ್‌ಗೆ ಹೋಗಿ, ವಾಪಸ್ ಬಂದು, ಇಸ್ತ್ರಿಯಾಗಿ, ಹೊಸ ಪ್ಲಾಸ್ಟಿಕ್ ಚೀಲ ಸೇರಿ ಮತ್ತೆ ಕುನ್ಮಿಂಗ್‌ಗೆ ಹೋಗುತ್ತದೆ. ಸೀಸನ್ ಮುಗಿಯುವ ಹೊತ್ತಿಗೆ ಅದು ಕಿಲೋ ಲೆಕ್ಕದಲ್ಲಿ ಮಾರಾಟ. ಇದನ್ನೇ ಮಾಡುವ ಹುಡುಗಿ ಹಾಲಿನ ಚಹಾಕ್ಕೆ ತನ್ನದೇ ಲೋಟ ಕೊಂಡೊಯ್ಯಲೂಬಹುದು. ಅವಳನ್ನು ದೂರುತ್ತಿಲ್ಲ. ವಾಪಸಾತಿ ಪುಕ್ಕಟೆ ಮಾಡಿಟ್ಟವರು ಬೇರೆಯವರು.

ಹಳೆಯದನ್ನು ಕೊಳ್ಳುವ ವಿಷಯ ಕೇಳಿದ್ದಿರಿ. ಅದಂತೂ ದೊಡ್ಡದಾಗಿ ಬೆಳೆದಿದೆ. ಅಲಿಬಾಬಾದ ಶಿಯಾನ್‌ಯು ಆ್ಯಪ್ 2014ರಲ್ಲಿ ಶುರುವಾಯಿತು, ಈಗ 50 ಕೋಟಿಗೂ ಹೆಚ್ಚು ಬಳಕೆದಾರರು ಎಂದು ಕಂಪನಿ ಹೇಳುತ್ತದೆ. ಫೋನು, ಕ್ಯಾಮೆರಾ, ಪುಸ್ತಕ, ಜಿಮ್ ಪಾಸು, ಗೊಂಬೆ, ಏನು ಬೇಕಾದರೂ ಸಿಗುತ್ತದೆ. ಹಳೇ ಪ್ರೇಮಿ ಕೊಟ್ಟ ಉಡುಗೊರೆಯನ್ನು ಕಥೆ ಸಮೇತ ಮಾರುವವರಿದ್ದಾರೆ, ಆ ಕಥೆ ಓದಲೆಂದೇ ಆ್ಯಪ್ ತೆರೆಯುವವರೂ ಇದ್ದಾರೆ. ಆದರೆ ಬಟ್ಟೆ ಅಲ್ಲಿ ಅಷ್ಟು ಸಲೀಸಾಗಿ ಓಡುವುದಿಲ್ಲ. ಬ್ರ್ಯಾಂಡಿನ ಬ್ಯಾಗು, ಕೋಟು, ಒಂದೆರಡು ಸಲ ತೊಟ್ಟ ಹಾನ್‌ಫು ಬೇರೆ ಮಾತು. ಮಾಮೂಲಿ ಹಳೇ ಅಂಗಿ ಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಯಾರದ್ದೋ ಏನೋ, ಸತ್ತವರದ್ದಿದ್ದರೆ ಎಂಬ ಅಳುಕು ಅಲ್ಲಿನ ಮನೆಗಳಲ್ಲಿ ಇನ್ನೂ ಇದೆ. ನಮ್ಮಲ್ಲಿ ಇಲ್ಲವೇ? ಜೊತೆಗೆ ಹೊಸದೇ ಇಷ್ಟು ಅಗ್ಗ ಇರುವಾಗ ಹಳೆಯದು ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ.

ಹೀಗಾಗಿ ಬಟ್ಟೆಯ ಕಸ ರಾಶಿ ಬೀಳುತ್ತದೆ. ವರ್ಷಕ್ಕೆ ಸುಮಾರು 2.6 ಕೋಟಿ ಟನ್ ಬಟ್ಟೆ ಎಸೆಯುತ್ತಾರೆ ಎಂಬ ಅಂದಾಜಿದೆ, ಹೆಚ್ಚಿನದು ಕಸದ ಗುಂಡಿಗೆ. ಅಪಾರ್ಟ್‌ಮೆಂಟುಗಳ ಬುಡದಲ್ಲಿ ಹಳೇ ಬಟ್ಟೆ ಹಾಕುವ ಡಬ್ಬಿಗಳಿವೆ. ದಾನ ಅಂತ ಜನ ಹಾಕುತ್ತಾರೆ, ಅದರಲ್ಲಿ ಬಹಳಷ್ಟು ವಿಂಗಡಣೆಯಾಗಿ ಆಫ್ರಿಕಾದ ಮಾರುಕಟ್ಟೆಗಳಿಗೆ ಹಡಗು ಹತ್ತುತ್ತದೆ. ಉಳಿದದ್ದರಲ್ಲಿ ಒಂದಷ್ಟು ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ಬಳಿಯ ಚಾಂಗ್‌ನಾನ್‌ಗೆ ಹೋಗುತ್ತದೆ. ನಮ್ಮ ಪಾಣಿಪತ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ಚಿಂದಿ ಹರಿದು ಮತ್ತೆ ನೂಲು. ಬಳಸಿ ಬಿಟ್ಟ ಬಟ್ಟೆಯಲ್ಲಿ 2025ಕ್ಕೆ ಶೇ 25ರಷ್ಟು, 2030ಕ್ಕೆ ಶೇ 30ರಷ್ಟು ಮರುಬಳಕೆ ಆಗಬೇಕು ಎಂದು ಸರ್ಕಾರ 2022ರಲ್ಲಿ ಗುರಿ ಇಟ್ಟಿತು. ಪಾಲಿಯೆಸ್ಟರ್ ಹತ್ತಿ ಎರಡೂ ಬೆರೆತ ಬಟ್ಟೆಯನ್ನು ಬಿಡಿಸುವುದು ಕಷ್ಟ, ಖರ್ಚು ಜಾಸ್ತಿ. ಅದೇ ಇದರ ತೊಡಕು. ಶಾಂಘೈನ ವಿನ್ಯಾಸಗಾರ್ತಿ ಝಾಂಗ್ ನಾ ಅವರಂಥ ಕೆಲವರು ಹಳೇ ಬಟ್ಟೆಯನ್ನು ಬಿಚ್ಚಿ ಹೊಸ ಉಡುಪು ಹೊಲಿಯುತ್ತಾರೆ. ಕೆಲಸ ಚೆನ್ನಾಗಿದೆ, ಬೆಲೆ ಮಾತ್ರ ಕಾಲೇಜು ಹುಡುಗಿಯ ಕೈಗೆ ಎಟುಕುವಂಥದ್ದಲ್ಲ.

ಉಳಿದ ಊಟದ ಕಥೆ ಇಷ್ಟೇ. ಬೇಕರಿ, ಹೋಟೆಲುಗಳು ಅವತ್ತು ಉಳಿದದ್ದನ್ನು ಚೀಲಕ್ಕೆ ತುಂಬಿ ಸಂಜೆ ಅರ್ಧ ಬೆಲೆಗೂ ಕಡಿಮೆಗೆ ಕೊಡುತ್ತವೆ. ಒಳಗೆ ಏನಿದೆ ಅಂತ ಮೊದಲೇ ಹೇಳುವುದಿಲ್ಲ, ಅದೇ ಮಜಾ. ದಿನಾಂಕ ಮುಗಿಯಲು ಬಂದ ಬಿಸ್ಕತ್ತು, ಜ್ಯೂಸು ಮಾರುವ ಹಾಟ್‌ಮ್ಯಾಕ್ಸ್‌ನಂಥ ಅಂಗಡಿಗಳೂ 2020ರಿಂದ ಬೆಳೆದವು. ನನ್ನ ಮಟ್ಟಿಗೆ ಚೀನೀ ಯುವಕರ ಹೊಸ ಅಭ್ಯಾಸಗಳಲ್ಲಿ ಪರಿಸರಕ್ಕೆ ನೇರವಾಗಿ ಒಳ್ಳೆಯದು ಮಾಡುವುದು ಇದೊಂದೇ. ಗಿರಾಕಿಗೂ ಲಾಭ, ಅಂಗಡಿಯವನಿಗೂ ಲಾಭ, ಅನ್ನ ತಿಪ್ಪೆಗೆ ಹೋಗುವುದಿಲ್ಲ.

ಹಾಗಿದ್ದರೆ ಲಬುಬು? ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲುಂಗ್ ಕಲ್ಪಿಸಿದ ಚೂಪು ಹಲ್ಲಿನ ಗೊಂಬೆ. ಮಾರುವುದು ಪಾಪ್ ಮಾರ್ಟ್, 2010ರಲ್ಲಿ ಬೀಜಿಂಗ್‌ನಲ್ಲಿ ವಾಂಗ್ ನಿಂಗ್ ಶುರು ಮಾಡಿದ ಕಂಪನಿ. ಮುಚ್ಚಿದ ಡಬ್ಬಿ, ಯಾವ ಗೊಂಬೆ ಬರುತ್ತದೋ ಗೊತ್ತಿಲ್ಲ. 2025ರ ಜೂನ್‌ನಲ್ಲಿ ಬೀಜಿಂಗ್ ಹರಾಜಿನಲ್ಲಿ ಆಳೆತ್ತರದ ಒಂದು ಲಬುಬು 10.8 ಲಕ್ಷ ಯುವಾನಿಗೆ ಹೋಯಿತು. ಅದು ಸಂಗ್ರಹಕಾರರ ಹುಚ್ಚು, ಅದನ್ನು ಇಡೀ ಪೀಳಿಗೆಯ ತಲೆಗೆ ಕಟ್ಟಬೇಡಿ. ಸಾಮಾನ್ಯ ಡಬ್ಬಿ ನೂರು ಯುವಾನಿನ ಒಳಗೆ. 2024ರ ಇಡೀ ವರ್ಷದಲ್ಲಿ ಪಾಪ್ ಮಾರ್ಟ್ ವಹಿವಾಟು 1304 ಕೋಟಿ ಯುವಾನ್, 2025ರ ಮೊದಲ ಆರು ತಿಂಗಳಲ್ಲೇ 1388 ಕೋಟಿ. ಫ್ಲಾಟು ಕೈಗೆ ಸಿಗುವುದಿಲ್ಲ, ಕಾರು ಬೇಡ, ಮದುವೆ ಮುಂದಕ್ಕೆ. ಆಗ ಎಂಬತ್ತು ಯುವಾನಿನ ಖುಷಿ ದುಬಾರಿ ಅನಿಸುವುದಿಲ್ಲ. ಇದೇ ಹುಡುಗರು ಒಂದೊಂದು ಗ್ರಾಮಿನ ಚಿನ್ನದ ಕಾಳನ್ನು ತಿಂಗಳಿಗೊಂದು ಕೊಂಡು ಗಾಜಿನ ಶೀಶೆಯಲ್ಲಿ ತುಂಬಿಡುತ್ತಾರೆ. ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಈ ಡಬ್ಬಿ ಹುಚ್ಚು ಅತಿಯಾದದ್ದೂ ಇದೆ. 2022ರ ಜನವರಿಯಲ್ಲಿ ಕೆಎಫ್‌ಸಿ ಊಟದ ಜೊತೆ ಪಾಪ್ ಮಾರ್ಟ್ ಗೊಂಬೆ ಕೊಟ್ಟಿತು. ಎಲ್ಲ ಗೊಂಬೆ ಬೇಕು ಅಂತ ಒಬ್ಬ ಗಿರಾಕಿ ಒಂದೇ ಸಲ 106 ಊಟ ಕೊಂಡ, 10,494 ಯುವಾನ್ ಕೊಟ್ಟ. ತಿನ್ನಲು ಕೂಲಿ ಜನ ಹುಡುಕಿದವರೂ ಇದ್ದರು. ಗ್ರಾಹಕರ ಸಂಘ ಛೀಮಾರಿ ಹಾಕಿತು. ಅದಕ್ಕೂ ಹಿಂದೆ, 2021ರಲ್ಲಿ, ಒಂದು ಆನ್‌ಲೈನ್ ಪ್ರತಿಭಾ ಸ್ಪರ್ಧೆಯ ಮತಕ್ಕಾಗಿ ಅಭಿಮಾನಿಗಳು ಹಾಲಿನ ಬಾಟಲಿಗಳನ್ನು ರಾಶಿ ಕೊಂಡು, ಮುಚ್ಚಳದ ಕೋಡ್ ಮಾತ್ರ ಇಟ್ಟುಕೊಂಡು, ಹಾಲನ್ನು ಚರಂಡಿಗೆ ಸುರಿಸಿದ ವಿಡಿಯೊ ಬಂತು. ಆಹಾರ ಪೋಲು ಮಾಡಬಾರದೆಂಬ ಹೊಸ ಕಾನೂನು ಬಂದು ಆಗಿನ್ನೂ ಕೆಲವೇ ದಿನ ಆಗಿತ್ತು. ಕಾರ್ಯಕ್ರಮದ ಕೊನೆಯ ಸುತ್ತೇ ರದ್ದಾಯಿತು.

ಹಾಗಂತ ಅಲ್ಲಿನ ಹುಡುಗರಿಗೆ ಪರಿಸರ ಬೇಡವೇ ಬೇಡ ಅಂತಲ್ಲ. ಫೋನಿನೊಳಗೆ, ಆಟದ ರೂಪದಲ್ಲಿ, ಕೈಯಿಂದ ದುಡ್ಡು ಹೋಗದಂತೆ ಬಂದರೆ ಕೋಟಿಗಟ್ಟಲೆ ಜನ ಸೇರುತ್ತಾರೆ. 2016ರಲ್ಲಿ ದುಡ್ಡು ಪಾವತಿಸುವ ಅಲಿಪೇ ಆ್ಯಪಿನಲ್ಲಿ ಆಂಟ್ ಫಾರೆಸ್ಟ್ ಎಂಬ ಆಟ ಬಂತು. ನಡೆದರೆ, ಮೆಟ್ರೋ ಹತ್ತಿದರೆ, ಬಿಲ್ಲು ಆನ್‌ಲೈನಿನಲ್ಲಿ ಕಟ್ಟಿದರೆ ಹಸಿರು ಶಕ್ತಿಯ ಗ್ರಾಮು ಸಿಗುತ್ತದೆ. 17.9 ಕೆಜಿ ಸೇರಿದರೆ ನಿಮ್ಮ ಹೆಸರಲ್ಲಿ ಕಂಪನಿ ಒಳ ಮಂಗೋಲಿಯಾದಂಥ ಮರಳುಗಾಡಿನಲ್ಲಿ ಸುವೊಸುವೊ ಎಂಬ ಪೊದೆಮರ ನೆಡಿಸುತ್ತದೆ. ಗೆಳೆಯರ ಶಕ್ತಿಯನ್ನು ಕದಿಯಲೂಬಹುದು. ಬೆಳಗ್ಗೆ ಎದ್ದ ಕೂಡಲೇ ಕದಿಯಲು ಕೂರುವವರು ಎಷ್ಟೋ ಜನ. 2019ರ ಹೊತ್ತಿಗೆ 50 ಕೋಟಿ ಜನ ಆಡುತ್ತಿದ್ದರು, 12 ಕೋಟಿಗೂ ಹೆಚ್ಚು ಮರ ನೆಟ್ಟಾಗಿತ್ತು, ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ನೀರಿಲ್ಲದ ಜಾಗದಲ್ಲಿ ಒಂದೇ ಜಾತಿ ಮರ ನೆಟ್ಟರೆ ಎಷ್ಟು ಬದುಕುತ್ತವೆ ಎಂಬ ತಕರಾರು ತಜ್ಞರದ್ದು, ಅದೂ ಸರಿಯೇ.

ಅದೇ 2019ರ ಜುಲೈನಲ್ಲಿ ಶಾಂಘೈ ಕಸ ವಿಂಗಡಣೆ ಕಡ್ಡಾಯ ಮಾಡಿತು. ಒಣ, ಹಸಿ, ಮಾರಬಹುದಾದದ್ದು, ಅಪಾಯದ್ದು, ನಾಲ್ಕು ಡಬ್ಬಿ. ತಪ್ಪಿದರೆ 200 ಯುವಾನ್ ತನಕ ದಂಡ. ಡಬ್ಬಿ ಪಕ್ಕ ನಿಂತ ಆಂಟಿಯರು ಬಂದವರನ್ನೆಲ್ಲ “ನೀನು ಯಾವ ಕಸ?” ಅಂತ ಕೇಳುತ್ತಾರೆ ಎಂದು ಹುಡುಗರು ನಗೆಯಾಡಿದರು. ಹಂದಿ ಸೂತ್ರವೂ ಹುಟ್ಟಿತು. ಹಂದಿ ತಿನ್ನುವುದು ಹಸಿ ಕಸ, ಹಂದಿಯೂ ಮೂಸದ್ದು ಒಣ ಕಸ, ತಿಂದರೆ ಹಂದಿ ಸಾಯುವುದು ಅಪಾಯದ ಕಸ, ಮಾರಿ ಹಂದಿ ಕೊಳ್ಳಬಹುದಾದದ್ದು ನಾಲ್ಕನೆಯದು. ಸರ್ಕಾರದ ಕರಪತ್ರಕ್ಕಿಂತ ಇದೇ ಜನಕ್ಕೆ ಬೇಗ ನೆನಪು ಉಳಿಯಿತು.

ಬೀದಿಗಿಳಿದು ಕೂಗುವುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. 2019ರಲ್ಲಿ ಗುಯಿಲಿನ್ ನಗರದ ಒಬ್ಬ ಹುಡುಗಿ ಹವಾಮಾನಕ್ಕಾಗಿ ಒಬ್ಬಳೇ ಭಿತ್ತಿಫಲಕ ಹಿಡಿದು ಪ್ರತಿಭಟಿಸಿದಾಗ ಪೊಲೀಸರು ಕರೆದೊಯ್ದು ವಿಚಾರಿಸಿದರು. ಆದ್ದರಿಂದ ಸಿಟ್ಟು ಹೊರಬರುವುದು ಬ್ರ್ಯಾಂಡುಗಳ ಮೇಲೆ. ತೀರಾ ಈಚಿನದು ಆರ್ಕ್‌ಟೆರಿಕ್ಸ್ ಪ್ರಕರಣ. ಕೆನಡಾದಲ್ಲಿ ಹುಟ್ಟಿದ, ಈಗ ಚೀನಾದ ಆಂಟಾ ಕಂಪನಿಯ ಹಿಡಿತದಲ್ಲಿರುವ ಪರ್ವತಾರೋಹಣದ ಬ್ರ್ಯಾಂಡು. ಜಾಕೆಟ್ಟಿಗೆ ಸಾವಿರಾರು ಯುವಾನ್. ಬೆಟ್ಟ ಹತ್ತದವರೂ ಮೆಟ್ರೋದಲ್ಲಿ ಹಾಕಿಕೊಂಡು ಮೆರೆಯುತ್ತಾರೆ. 2025ರ ಸೆಪ್ಟೆಂಬರ್ 19ರಂದು ಈ ಕಂಪನಿ ಕಲಾವಿದ ಚಾಯ್ ಗುವೊ-ಚಿಯಾಂಗ್ ಜೊತೆ ಸೇರಿ ಟಿಬೆಟ್‌ನ ಗ್ಯಾಂತ್ಸೆ ಬಳಿಯ ಹಿಮಾಲಯದ ಬೆಟ್ಟದ ಏಣಿನುದ್ದಕ್ಕೂ ಡ್ರ್ಯಾಗನ್ ಆಕಾರದಲ್ಲಿ ಪಟಾಕಿ ಹಾರಿಸಿತು. ಐದು ಸಾವಿರ ಮೀಟರ್ ಎತ್ತರದ ಜಾಗ. ಹುಲ್ಲು ಕಿತ್ತರೆ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ಬಣ್ಣದ ಪುಡಿ ಮಣ್ಣಲ್ಲಿ ಕರಗುವಂಥದ್ದು ಎಂದರೂ ಹುಡುಗರು ಒಪ್ಪಲಿಲ್ಲ. ಪ್ರಕೃತಿಯ ಹೆಸರು ಹೇಳಿಯೇ ದುಬಾರಿ ಜಾಕೆಟ್ ಮಾರಿ, ಅದೇ ಬೆಟ್ಟ ಸುಟ್ಟಿರಿ ಎಂಬುದು ಅವರ ಕೋಪ. ಎರಡು ದಿನದಲ್ಲಿ ಕಂಪನಿಯೂ ಕಲಾವಿದರೂ ಕ್ಷಮೆ ಕೇಳಿದರು, ಸ್ಥಳೀಯ ಆಡಳಿತ ತನಿಖೆಗೆ ಇಳಿಯಿತು, ಆಂಟಾ ಶೇರು ಬಿತ್ತು. ಈ ಸಿಟ್ಟು ನಿಜವಾದದ್ದು ಅಂತ ನನಗೂ ಅನಿಸಿತು. ಅದರಲ್ಲಿ ಕೊಟ್ಟ ದುಡ್ಡಿಗೆ ಮೋಸ ಆಯಿತು ಎಂಬ ಗಿರಾಕಿಯ ಸಿಟ್ಟೂ ಬೆರೆತಿತ್ತು.

ಇನ್ನು ಇಲ್ಲಿಗೆ ಗಾಳಿ ಬೀಸುವ ಮಾತು. ಶೀನ್ ಬಗ್ಗೆ ಕೇಳಿರುತ್ತೀರಿ. ನಾನ್‌ಜಿಂಗ್‌ನಲ್ಲಿ ಹುಟ್ಟಿ ಗುವಾಂಗ್‌ಝೌನ ಪಾನ್ಯು ಸುತ್ತಲಿನ ಸಣ್ಣ ಹೊಲಿಗೆ ಘಟಕಗಳ ಮೇಲೆ ನಿಂತ, ಅಗ್ಗದ ಫ್ಯಾಷನ್ ಬಟ್ಟೆಯನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿ. ತಮಾಷೆಯೆಂದರೆ ಅದು ಚೀನಾದೊಳಗೆ ಮಾರುವುದೇ ಇಲ್ಲ. ಭಾರತದಲ್ಲಿ 2020ರ ಜೂನ್‌ನಲ್ಲಿ ನಿಷೇಧವಾಗಿ, 2025ರಲ್ಲಿ ರಿಲಯನ್ಸ್ ಮೂಲಕ, ಇಲ್ಲಿಯೇ ಹೊಲಿದ ಬಟ್ಟೆಯೊಂದಿಗೆ ವಾಪಸ್ ಬಂತು. ಅದರ ಗುಟ್ಟು ಅಗ್ಗದ ಕೂಲಿಗಿಂತ ಸಣ್ಣ ಆರ್ಡರು: ಒಂದು ವಿನ್ಯಾಸ ಮೊದಲು ನೂರು ಇನ್ನೂರು ಪೀಸು ಮಾತ್ರ, ಓಡಿದರೆ ಮತ್ತೆ ಹೊಲಿಸುವುದು. ಬಳ್ಳಾರಿ ಜೀನ್ಸ್‌ನವರ ಜೊತೆ ನೀವು ವ್ಯವಹಾರ ಮಾಡುತ್ತಿದ್ದರೆ ಇಂಥ ಸಣ್ಣ ಲಾಟಿನ ಮಾತಾಡಿ ನೋಡಿ. ಗೋದಾಮಿನಲ್ಲಿ ಕೊಳೆಯುವ ಮಾಲು ಕಡಿಮೆಯಾಗುತ್ತದೆ.

ಹಳೇ ಬಟ್ಟೆ ಮಾರುವ ಯೋಚನೆ ಇದ್ದರೆ ಈಗ ಬೇಡ ಎನ್ನುತ್ತೇನೆ. ಚೀನಾದಲ್ಲೇ ಅದು ಓಡಿಲ್ಲ. ಬಾಡಿಗೆ ಬಟ್ಟೆ, ಅದರಲ್ಲೂ ಮದುವೆ, ಫೋಟೋಶೂಟಿನದ್ದು, ಪ್ರಯತ್ನಿಸಬಹುದು. ಶಿಯಾನ್‌ನ ಹಾನ್‌ಫು ಅಂಗಡಿಗಳು ಬದುಕಿರುವುದು ಅದರಿಂದಲೇ. ಆನ್‌ಲೈನ್ ಮಾರಾಟಕ್ಕೆ ಇಳಿಯುವುದಾದರೆ ಕಮಿಷನ್ ಎಷ್ಟು ಅಂತ ಕೇಳುವ ಮೊದಲು ವಾಪಸ್ ಬಂದ ಮಾಲಿನ ಕೊರಿಯರ್ ಖರ್ಚು ಯಾರ ಲೆಕ್ಕಕ್ಕೆ ಅಂತ ಕರಾರಿನಲ್ಲಿ ಓದಿಕೊಳ್ಳಿ. ಬೆಲೆಚೀಟಿಯನ್ನು ಹೊರಗೆ ಕಾಣುವಲ್ಲಿ ಕಟ್ಟಿ.